ಯಾರದೋ ಹೊಲದಲ್ಲಿ ಚರಗ

ಅಂಬಾಬಾಯಿ ವಡಗಾಂವಿಗೆ ಬಂದಳು, ಅವಳ ಕೊಣಮಿಗೆ ಮಾತ್ರ ಬರಲಿಲ್ಲ.

ಕೊಣಮಿಗೆ ಎಂದರೆ ಹಿಟ್ಟು ನಾದಿ ರೊಟ್ಟಿ ಬಡಿಯುವ ಕಟ್ಟಿಗೆಯ ಅಗಲವಾದ ಮರಿಗೆ. ತವರಿನವರು ಕೊಟ್ಟದ್ದು. ಗಂಡ ಧರ್ಮಣ್ಣ ಗೋಡೆ ಕಟ್ಟುವ ಗೌಂಡಿ ಕೆಲಸ ಹುಡುಕಿಕೊಂಡು ಆಳಂದದ ಕಡೆಯಿಂದ ಪುಣೆಗೆ ಹೊರಟಾಗ ಅವಳು ತಲೆಯ ಮೇಲೆ ಹೊತ್ತು ತಂದ ಸಾಮಾನು ಅದೊಂದೇ. ಆಮೇಲೆ ಅಲ್ಲಿನ ಭೋಸರಿಯ ಒಂದೇ ಕೋಣೆಯ ತಗಡಿನ ಖೋಲಿಯಲ್ಲಿ ಮಗ ಹುಟ್ಟಿದ, ಬೆಳೆದ, ಐಟಿಐ ಮುಗಿಸಿ ಕಾರ್ಖಾನೆ ಸೇರಿದ, ಮದುವೆಯಾಗಿ ಹೆಂಡತಿ ಮಗಳೊಂದಿಗೆ ವಡಗಾಂವಿನಲ್ಲಿ ಸಣ್ಣದೊಂದು ಫ್ಲ್ಯಾಟ್ ತೆಗೆದುಕೊಂಡ. ಕೊಣಮಿಗೆ ಒಲೆಯ ಪಕ್ಕದ ಗೋಡೆಗೆ ಒರಗಿಕೊಂಡು ಎಲ್ಲವನ್ನೂ ನೋಡಿತು. ಈಗ ಖೋಲಿಗಳ ಆ ಇಡೀ ಸಾಲನ್ನು ಕೆಡವಿ ಬಿಲ್ಡಿಂಗ್ ಕಟ್ಟಬೇಕೆಂದು ಮಾಲಕ ಹಟ ಹಿಡಿದಿದ್ದ. ಸಂಕ್ರಮಣದ ಹೊತ್ತಿಗೆ ಎಲ್ಲರೂ ಜಾಗ ಖಾಲಿ ಮಾಡಬೇಕಾಗಿತ್ತು.

ಮಗ ಮಹೇಶಕುಮಾರ ಟೆಂಪೊ ತಂದು ಹಾಸಿಗೆ, ಟ್ರಂಕು, ದೇವರ ಫೋಟೊ ಎಲ್ಲ ಏರಿಸಿದ. ಸೊಸೆ ಮಾಯಾ ಕೊಣಮಿಗೆಯನ್ನೂ ಎತ್ತಿಕೊಂಡಳು.

"ಅದು ಅಲ್ಲೇ ಇರ್ಲಿ," ಎಂದಳು ಅಂಬಾಬಾಯಿ.

"ಮತ್ತ ರೊಟ್ಟಿ ಯಾತರಾಗ ಮಾಡ್ತೀರಿ ಅತ್ತಿ?"

"ನಿಮ್ಮ ಮನ್ಯಾಗ ಸ್ಟೀಲಿನ ಪರಾತ ಇಲ್ಲೇನು? ಅದರಾಗ ಮಾಡ್ತೀನಿ. ನಾ ಏನ್ ಕಾಯಂ ಹೊಂಟೀನೇನು? ಸಂಕ್ರಮಣ ತನಾ ಇದ್ದು ನೋಡ್ತೀನಿ. ಹಿಡಿಸಲಿಲ್ಲ ಅಂದ್ರ ಇಲ್ಲೇ ಎಲ್ಲ್ಯರ ಒಂದು ಖೋಲಿ ಹಿಡೀತೀವಿ."

ಪಕ್ಕದ ಖೋಲಿಯ ಮಹದೇವಮ್ಮ ಕೊಣಮಿಗೆಯನ್ನು ತನ್ನ ಮನೆಯೊಳಗೆ ಇಟ್ಟುಕೊಂಡಳು. ಮಹೇಶ ಮುಖ ಗಂಟು ಹಾಕಿಕೊಂಡು ಟೆಂಪೊ ಹತ್ತಿದ. ಮಾಯಾ ಬರಿಗೈಯಲ್ಲಿ ಅವನ ಹಿಂದೆ ಹತ್ತಿದಳು. ಆದರೆ ಎಲ್ಲರಿಗಿಂತ ಹೆಚ್ಚು ಹೆದರಿಕೆ ಇದ್ದದ್ದು ಅವಳಿಗೇ. ಚಿಂಚವಡದ ಔಷಧಿ ಗೋದಾಮಿನಲ್ಲಿ ಪ್ಯಾಕಿಂಗ್ ಮಾಡುತ್ತಿದ್ದ ಅವಳನ್ನು ಹೋದ ತಿಂಗಳಷ್ಟೇ ಸೂಪರ್‌ವೈಸರ್ ಮಾಡಿದ್ದರು. ಮಗಳು ಭುವನೇಶ್ವರಿಯನ್ನು ಶಾಲೆ ಬಿಟ್ಟ ಮೇಲೆ ನೋಡಿಕೊಳ್ಳುತ್ತಿದ್ದ ನೆರೆಮನೆಯಾಕೆ ಊರು ಬಿಟ್ಟು ಹೋಗುವವಳಿದ್ದಳು. ಅತ್ತೆ ನಿಂತರೆ ಕೆಲಸ ಉಳಿಯುತ್ತಿತ್ತು, ಅತ್ತೆ ಹೋದರೆ ಕೆಲಸ ಬಿಡಬೇಕಾಗಿತ್ತು. ಈ ಮಾತನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ವಡಗಾಂವ ಪುಣೆಯಿಂದ ಲೋಣಾವಳಕ್ಕೆ ಹೋಗುವ ಲೋಕಲ್ ಹಾದಿಯಲ್ಲಿ ತಳೇಗಾಂವ ದಾಟಿದ ಮೇಲೆ ಸಿಗುವ ಊರು. ನೋಡಲಿಕ್ಕೆ ಇಂಥದೇ ಅಂತ ಏನೂ ಇಲ್ಲ. ಕೋಟೆ ನೋಡುವವರು ಮುಂದೆ ಮಳವಲಿಯಲ್ಲಿ ಇಳಿಯುತ್ತಾರೆ, ಮಳೆ ನೋಡುವವರು ಲೋಣಾವಳದಲ್ಲಿ ಇಳಿಯುತ್ತಾರೆ, ವಡಗಾಂವಿನಲ್ಲಿ ಇಳಿಯುವವರು ತಮ್ಮ ತಮ್ಮ ಮನೆಗೆ ಹೋಗುವವರು. ಒಂದು ಬಜಾರ ರಸ್ತೆ, ತಹಶೀಲ ಕಚೇರಿ, ರೈಲು ಗೇಟು, ಭತ್ತದ ಗದ್ದೆಗಳ ನಡುವೆ ಅಲ್ಲಲ್ಲಿ ಎದ್ದು ನಿಂತ ಬಣ್ಣದ ಬಿಲ್ಡಿಂಗುಗಳು. ಇಷ್ಟೇ ಊರು.

"ಏನ್ ಊರೋ ಇದು," ಅಂಬಾಬಾಯಿ ಮೊದಲ ವಾರವೇ ಮಗನಿಗೆ ಹೇಳಿದಳು. "ಮುಂಜಾನಿ ಊರಿಗೆ ಊರೇ ಬೆಂಕಿ ಬಿದ್ದಾಂಗ ಓಡ್ತದ. ಸಂಜಿಗೆ ಬಂದು ಮಲಗ್ತದ. ಮಧ್ಯಾಹ್ನ ಮಾತಾಡಸ್ಬೇಕಂದ್ರ ಒಂದು ನರಪಿಳ್ಳಿ ಸಿಗೂದಿಲ್ಲ."

"ದುಡಿಯೋ ಮಂದಿ ಊರವ್ವ ಇದು."

"ಭೋಸರಿ ಮಂದಿ ದುಡೀಲಿಲ್ಲೇನು? ಓಡ್ತಿರಲಿಲ್ಲ ಅಷ್ಟೇ."

ಧರ್ಮಣ್ಣನಿಗೆ ಮಾತ್ರ ಊರು ಬಂದ ದಿನವೇ ಹಿಡಿಸಿಬಿಟ್ಟಿತ್ತು. ಬೆಳಿಗ್ಗೆ ಮೊಮ್ಮಗಳನ್ನು ಶಾಲೆಗೆ ಬಿಟ್ಟು ನೇರ ಸ್ಟೇಶನ್ನಿಗೆ ಹೋಗಿ ಬೇವಿನ ಗಿಡದ ಕೆಳಗಿನ ಬಾಕಿನ ಮೇಲೆ ಕೂಡುತ್ತಿದ್ದ. ಮನೆಗೆ ಬಂದು ವರದಿ ಒಪ್ಪಿಸುತ್ತಿದ್ದ. ನರ್ಸಬಾಯಿ ಒಬ್ಬಾಕಿ ಓಡುತ್ತ ಓಡುತ್ತ ಜಡೆ ಹಾಕಿಕೊಳ್ಳುತ್ತಾಳೆ. ಕುಂಟ ಪ್ರೊಫೆಸರ್ ಒಬ್ಬನಿಗಾಗಿ ಹುಡುಗರು ಬಾಗಿಲ ಹತ್ತಿರದ ಸೀಟು ಹಿಡಿದಿಡುತ್ತಾರೆ. ಹಾಲಿನ ಕ್ಯಾನು ಏರಿಸುವವನಿಗೆ ಕೈ ಕೊಡದೆ ಯಾರೂ ಒಳಗೆ ಹೋಗುವುದಿಲ್ಲ.

"ಹೆಂಗಸರನ್ನ ನೋಡ್ಲಾಕ ಹೋಗ್ತೀರೇನು ಈ ವಯಸ್ಸಿನಾಗ?"

"ನೀನೂ ಬಾ, ನಿನ್ನನ್ನ ಯಾರರ ನೋಡ್ತಾರ."

ಮಾಯಾ ಸಂಜೆ ಬಂದರೆ ಅವಳ ಚೀಲದಲ್ಲಿ ಮೆಂತೆಪಲ್ಯ ಸೋಸಿ, ಅವರೆಕಾಯಿ ಬಿಡಿಸಿ ತಯಾರಾಗಿರುತ್ತಿತ್ತು. ಮೊದಲ ಸಲ ನೋಡಿದಾಗ ಅಂಬಾಬಾಯಿ ಬೆರಗಾದಳು.

"ಇದನ್ನ ಎಲ್ಲಿ ಸೋಸಿದಿ?"

"ಗಾಡ್ಯಾಗ ರೀ. ಲೇಡೀಸ್ ಡಬ್ಯಾಗ ಎಲ್ಲಾರೂ ಹಂಗೇ. ಒಬ್ಬಾಕಿ ಚೀಲ ಹಿಡೀತಾಳ, ಒಬ್ಬಾಕಿ ಸೋಸ್ತಾಳ. ಇವತ್ತ ಅವರೆಕಾಯಿ ಬಿಡಿಸಿದವ್ರು ಕೋರ್ಟಿನ ಕ್ಲಾರ್ಕ್ ಬಾಯಿ. ನಾಳೆ ಅವರ ಬಳ್ಳೊಳ್ಳಿ ನಾ ಸುಲೀಬೇಕು."

ಅಂಬಾಬಾಯಿ ಅವರೆಕಾಳನ್ನು ಕೈಯಲ್ಲಿ ಆಡಿಸಿ ನೋಡಿದಳು. ಒಂದೇ ಒಂದು ಹುಳುಕು ಇರಲಿಲ್ಲ. ಕೋರ್ಟಿನ ಕ್ಲಾರ್ಕ್ ಬಾಯಿಯ ಬಗ್ಗೆ ಅವಳಿಗೆ ಒಳಗೊಳಗೇ ಗೌರವ ಹುಟ್ಟಿತು. ಅದನ್ನು ಬಾಯಿ ಬಿಟ್ಟು ಹೇಳದೆ, ಅಗಲ ತಟ್ಟೆಯಂಥ ಪರಾತದಲ್ಲಿ ರೊಟ್ಟಿ ಬಡಿಯುವಾಗ ಅದು ಜಾರಿ ಜಾರಿ ಹೋಗುತ್ತದೆಂದು ಗೊಣಗಿದಳು. ಆದರೆ ಎರಡನೆಯ ವಾರ ಅವಳೂ ಒಂದು ದಿನ ಸ್ಟೇಶನ್ನಿಗೆ ಹೋದಳು. ಗಾಡಿ ಹೊರಟ ಮೇಲೆ ಹಿಂದುಳಿದ ಹುಡುಗಿಯೊಬ್ಬಳನ್ನು ಡಬ್ಬಿಯೊಳಗಿನ ಮೂರ್ನಾಲ್ಕು ಕೈಗಳು ಒಟ್ಟಿಗೇ ಒಳಗೆ ಎಳೆದುಕೊಂಡದ್ದನ್ನು ನೋಡಿ ಅವಳ ಎದೆ ಧಸಕ್ಕೆಂದಿತು, ಆಮೇಲೆ ತಂಪಾಯಿತು.

ಇಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು.

ಕಲಬುರ್ಗಿ, ಬೀದರ ಕಡೆಯವರಿಗೆ ಈ ಹಬ್ಬದ ಬಗ್ಗೆ ಹೇಳಬೇಕಾಗಿಲ್ಲ. ಹಿಂಗಾರಿ ಬೆಳೆ ಹಾಲು ತುಂಬುವ ಹೊತ್ತಿಗೆ ಭೂಮಿತಾಯಿ ಬಸುರಿ ಎಂದು ತಿಳಿದು ಅವಳಿಗೆ ಬಯಕೆಯ ಊಟ ಹಾಕುವ ದಿನ ಅದು. ನಾನಾ ತರದ ಕಾಳು, ಸೊಪ್ಪು ಹಾಕಿ ಕುದಿಸಿದ ಬಜ್ಜಿ, ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಕಡಬು ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು. ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಬೇಕು. ಆಮೇಲೆ ಊಟವನ್ನು ಹೊಲದ ತುಂಬ ಚೆಲ್ಲಬೇಕು. ಅದಕ್ಕೆ ಚರಗ ಎನ್ನುತ್ತಾರೆ. ಆ ದಿನ ಯಾರ ಹೊಲಕ್ಕೆ ಯಾರು ಹೋದರೂ ಬೇಡ ಅನ್ನುವುದಿಲ್ಲ. ಹಾದಿಯಲ್ಲಿ ಹೋಗುವವರನ್ನೂ ಕೈಹಿಡಿದು ಕರೆತಂದು ಉಣ್ಣಿಸುತ್ತಾರೆ. ಧರ್ಮಣ್ಣನಿಗೆ ಊರಲ್ಲಿ ಗೇಣು ಹೊಲ ಇರಲಿಲ್ಲ, ಆದರೂ ಅಂಬಾಬಾಯಿ ಒಂದು ವರ್ಷವೂ ಚರಗ ತಪ್ಪಿಸಿದವಳಲ್ಲ. ಭೋಸರಿಯಲ್ಲೂ ಸಾಲಿನ ಹೆಂಗಸರೆಲ್ಲ ಕೂಡಿ ಕಾರ್ಖಾನೆ ಗೋಡೆಯ ಹಿಂದಿನ ಬಯಲಿಗೆ ಹೋಗುತ್ತಿದ್ದರು.

ಇಲ್ಲಿ ಬಿಲ್ಡಿಂಗಿನ ಹಿಂದೆಯೇ ನಿಜವಾದ ಹೊಲ ಇತ್ತು. ಅರ್ಧ ಕಡಲೆ, ಅರ್ಧ ಜೋಳ. ಜೋಳ ತೆನೆ ಬಿಟ್ಟಿತ್ತು. ಬಾಲ್ಕನಿಯಿಂದ ದಿನಾ ಅದನ್ನು ನೋಡಿ ಅವಳ ಜೀವ ಹಿಗ್ಗುತ್ತಿತ್ತು. ಮಗ ಸೊಸೆ ಲೋಕಲ್ ಹಿಡಿದು ಹೋದ ಮೇಲೆ ಅವಳು ಬುಟ್ಟಿ ಹೊತ್ತಳು, ಧರ್ಮಣ್ಣ ನೀರಿನ ತಂಬಿಗೆ ಹಿಡಿದ, ಶಾಲೆಗೆ ಚಕ್ಕರ್ ಹಾಕಿದ ಖುಷಿಯಲ್ಲಿ ಭುವನೇಶ್ವರಿ ಮುಂದೆ ಓಡಿದಳು. ಬಿದ್ದ ದಂಟುಗಳಿಂದ ಸಣ್ಣ ಗುಡಿಸಲು ಮಾಡಿ, ಒಳಗೆ ಐದು ಕಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದರು. ಧರ್ಮಣ್ಣ ಬಜ್ಜಿ ಕಲಸಿದ ರೊಟ್ಟಿಯ ಚೂರುಗಳನ್ನು ಸಾಲು ಸಾಲಿಗೆ ಚೆಲ್ಲುತ್ತ "ಓಲಗ್ಯಾ ಓಲಗ್ಯಾ" ಎಂದು ಚರಗದ ಕೂಗು ಹಾಕಿದ. ಮೊಮ್ಮಗಳು ಹಿಂದಿನಿಂದ ಅದನ್ನೇ ಕೂಗಿದಳು. ಬಿಲ್ಡಿಂಗಿನ ಕಾವಲುಗಾರನನ್ನು ಊಟಕ್ಕೆ ಕರೆದರೆ ಅವನು ಯಾಕೋ ಕೈಮುಗಿದು ದೂರವೇ ನಿಂತ. ಅಂಬಾಬಾಯಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಬದುವಿನ ಮೇಲೆ ಕೂತು ಹೊಟ್ಟೆ ತುಂಬ ಉಂಡಳು.

"ಏನೇ ಅನ್ನು, ಊರು ಚೊಲೋ ಅದ," ಎಂದ ಧರ್ಮಣ್ಣ.

"ಹೊಲ ಚೊಲೋ ಅದ," ಎಂದಳು ಅವಳು. ಅಲ್ಲಿಯವರೆಗೆ ಅವಳು ವಡಗಾಂವಿನ ಬಗ್ಗೆ ಆಡಿದ ಒಳ್ಳೆಯ ಮಾತು ಅದೊಂದೇ.

ಎರಡು ದಿನ ಬಿಟ್ಟು ಸಂಜೆ, ಲೋಕಲ್ ಇಳಿದ ಜನ ಮನೆಗೆ ಬರುವ ಹೊತ್ತಿಗೆ, ಬಿಲ್ಡಿಂಗಿನ ಗೇಟಿನ ಮುಂದೆ ಕಚ್ಚೆ ಹಾಕಿದ ನೌವಾರಿ ಸೀರೆಯ ಮುದುಕಿಯೊಬ್ಬಳು ನಿಂತು ಕೂಗಾಡುತ್ತಿದ್ದಳು. ಹೊಲದ ಮಾಲಕಿ ಹೌಸಾಬಾಯಿ. "ಕಾಯ ಕೇಲಂ ಮಾಝ್ಯಾ ರಾನಾತ?" ನನ್ನ ಹೊಲದಲ್ಲಿ ಏನು ಮಾಡಿದಿರಿ ಎಂದು ಅವಳು ಬಂದವರನ್ನೆಲ್ಲ ಕೇಳುತ್ತಿದ್ದಳು. ಅಮಾವಾಸ್ಯೆಯ ದಿನ ಕಲ್ಲಿಗೆ ಕುಂಕುಮ ಹಚ್ಚಿ, ಅನ್ನ ಚೆಲ್ಲಿ, ಮಂತ್ರ ಕೂಗಿ ಹೋಗಿದ್ದಾರೆ, ಮರುದಿನದಿಂದ ಎಮ್ಮೆ ಹಾಲು ಕೊಡುತ್ತಿಲ್ಲ, ಇದು ಮಾಟವಲ್ಲದೆ ಮತ್ತೇನು ಎಂಬುದು ಅವಳ ದೂರು.

ಅವಳ ಹೆದರಿಕೆಗೆ ಕಾರಣವಿತ್ತು. ಆ ಬದಿಯ ಹೊಲವೆಲ್ಲ ಬಿಲ್ಡಿಂಗ್ ಆದ ಮೇಲೆ ಉಳಿದದ್ದು ಅವಳದೊಂದೇ. ಮಾರಿಬಿಡು ಎಂದು ಮೈದುನನ ಮಕ್ಕಳು ಬೆನ್ನು ಹತ್ತಿದ್ದರು. ಹೋದ ವರ್ಷ ಯಾರೋ ಅವಳ ಬಾವಿಯ ಕಟ್ಟೆಯ ಮೇಲೆ ಲಿಂಬೆಹಣ್ಣು, ಕರಿಗೊಂಬೆ ಇಟ್ಟು ಹೋಗಿದ್ದರು. ಗಂಡನಿಲ್ಲದ, ಮಕ್ಕಳಿಲ್ಲದ ಹೆಂಗಸು. ಒಬ್ಬಳೇ ಆ ಹೊಲವನ್ನು ಕಾದುಕೊಂಡು ಬಂದಿದ್ದಳು.

ಕಾವಲುಗಾರ ಮಹೇಶನ ಮನೆಯ ಕಡೆ ಬೆರಳು ಮಾಡಿದ. ಸೊಸೈಟಿಯ ಸೆಕ್ರೆಟರಿ ದೇವಾನಂದ ಒಳ್ಳೆಯ ಮನುಷ್ಯ, ಮುದುಕಿಯನ್ನು ಹೇಗೋ ಸಮಾಧಾನ ಮಾಡಿ ಕಳಿಸಿದ. ಆದರೆ ಊಟದ ಡಬ್ಬಿ ಹಿಡಿದುಕೊಂಡು ಆಗಷ್ಟೇ ಬಂದ ಮಹೇಶ ಎಲ್ಲರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಯಿತು.

"ಅವ್ವ, ಯಾರ ಹೊಲ ಅಂತ ಒಬ್ಬರಿಗರ ಕೇಳಿದೇನು?" ಮನೆಯೊಳಗೆ ಬಂದ ಕೂಡಲೇ ಅವನು ಶುರು ಮಾಡಿದ.

"ಎಳ್ಳಮಾಸಿ ದಿನ ಯಾರು ಕೇಳ್ತಾರೋ?"

"ಇದು ಆಳಂದ ಅಲ್ಲ. ಇಲ್ಲಿ ಒಬ್ಬರ ಹೊಲದಾಗ ಒಬ್ಬರು ಕಾಲಿಡಂಗಿಲ್ಲ. ನಾಳೆ ಗಾಡ್ಯಾಗ ನನಗ ಮಂದಿ ಏನಂತಾರ? ಇವರ ಅವ್ವ ಮಾಟ ಮಾಡ್ತಾಳ ಅಂತಾರ."

"ಅನ್ಲಿ. ನಿನ್ನ ಅವ್ವ ಏನು ಅಂತ ನಿನಗ ಗೊತ್ತಿಲ್ಲೇನು?"

"ನನಗ ಗೊತ್ತಿದ್ರ ಏನು ಬಂತು?"

ಧರ್ಮಣ್ಣ ನಡುವೆ ಬಾಯಿ ಹಾಕಿದ. "ಚರಗ ಚೆಲ್ಲಿದವ ನಾನು. ಅವಳಿಗೆ ಯಾಕ ಅಂತೀ?"

"ನೀ ಸುಮ್ಮಕಿರಪ್ಪ. ನೀನೂ ಅವಳ ಹಿಂದ ತಂಬಿಗಿ ಹಿಡಕೊಂಡು ಹೋದಿ."

ಅಂಬಾಬಾಯಿ ಗೋಡೆಗೆ ಒರಗಿ ಕೂತಳು. ಅವಳ ಧ್ವನಿ ಇಳಿಯಿತು. "ನಮಗ ಎಂದ ಹೊಲ ಇತ್ತೋ ಮಹೇಶಾ? ವರ್ಷವಿಡೀ ಮಂದಿ ಹೊಲದಾಗ ಕಳೆ ತಗದೀವಿ, ಮಂದಿ ಮನಿ ಕಟ್ಟೀವಿ. ಎಳ್ಳಮಾಸಿ ಒಂದ ದಿನ ಎಲ್ಲಾ ಹೊಲ ನಂದ ಅನಿಸ್ತಿತ್ತು. ಅದಕ್ಕ ಹೋದೆ." ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು, "ಸಂಕ್ರಮಣ ಆದ ಮರುದಿನ ಭೋಸರಿಗೆ ಹೋಗ್ತೀವಿ. ಮಹದೇವಮ್ಮಗ ಹೇಳಿ ಖೋಲಿ ನೋಡ್ತೀನಿ. ಈ ಊರಾಗ ನನಗ ಮುಖ ಇಲ್ಲ."

ಮಹೇಶನ ಸಿಟ್ಟು ಅಲ್ಲಿಗೆ ಜರ್ರನೆ ಇಳಿಯಿತು. ಅವನು ಬಾಲ್ಕನಿಗೆ ಹೋಗಿ ನಿಂತ. ಮಾಯಾ ಎಲ್ಲರ ತಾಟಿಗೆ ಅನ್ನ ಬಡಿಸಿದಳು. ಯಾರೂ ಸರಿಯಾಗಿ ಉಣ್ಣಲಿಲ್ಲ.

ಮರುದಿನ ಬೆಳಗಿನ ಲೋಕಲ್ ಹೋಯಿತು, ಮಾಯಾ ಮನೆಯಲ್ಲೇ ಇದ್ದಳು.

"ಗಾಡಿ ತಪ್ಪಿತಲ್ಲ," ಎಂದಳು ಅಂಬಾಬಾಯಿ.

"ತಪ್ಪಿಸೀನಿ ರೀ. ಅತ್ತಿ, ಆ ಬಾಯಿಗೆ ನೀವು ಮಾಡಿದ್ದು ಏನಂತ ಗೊತ್ತಿಲ್ಲ. ಆಕಿಗೆ ಯಾಕ ಅಷ್ಟು ಅಂಜಿಕಿ ಅಂತ ನಮಗೂ ಗೊತ್ತಿರಲಿಲ್ಲ. ದೇವಾನಂದ ಕಾಕಾ ಹೇಳಿದ ಮ್ಯಾಲೆ ತಿಳೀತು. ನಡೀರಿ, ಹೋಗಿ ಆಕಿ ಮುಂದ ಕೂಡೋಣು."

"ಕೂತು ಏನ್ ಹೇಳ್ಲಿ? ನಾ ಚೆಲ್ಲಿದ್ದು ವಿಷ ಅಲ್ಲ ಅಂತ ಹೇಳ್ಲೇನು?"

"ಹೇಳೋದು ಬ್ಯಾಡ ರೀ. ತಿಂದು ತೋರಸ್ರಿ."

ಅಂಬಾಬಾಯಿ ಸೊಸೆಯ ಮುಖವನ್ನೇ ನೋಡಿದಳು. ಈ ಹುಡುಗಿ ಇಷ್ಟು ವರ್ಷ ಮನೆಯಲ್ಲಿ ಹೂಂ, ಹೌದ್ರಿ, ಆಯ್ತ್ರಿ ಇಷ್ಟರಲ್ಲೇ ಸಂಸಾರ ಮಾಡಿದ್ದಳು. ಸೂಪರ್‌ವೈಸರ್ ಯಾಕೆ ಮಾಡಿದರು ಎಂದು ಅತ್ತೆಗೆ ಈಗ ತಿಳಿಯಿತು. ಸೆರಗು ಸಿಕ್ಕಿಸಿಕೊಂಡು ಎದ್ದಳು. ಇದ್ದ ಕಾಳು, ಸೊಪ್ಪು ಕೂಡಿಸಿ ಬಜ್ಜಿ ಕುದಿಸಿದಳು. ಪರಾತ ಜಾರದಂತೆ ಮಾಯಾ ಎರಡೂ ಕೈಯಿಂದ ಹಿಡಿದುಕೊಂಡಳು, ಅಂಬಾಬಾಯಿ ಎಳ್ಳು ಹಚ್ಚಿ ಸಜ್ಜಿರೊಟ್ಟಿ ಬಡಿದಳು.

ಡಬ್ಬಿ ಕಟ್ಟಿಕೊಂಡು, ಭುವನೇಶ್ವರಿಯನ್ನೂ ಶಾಲೆಗೆ ಕಳಿಸದೆ ಜೊತೆಗೆ ಕರೆದುಕೊಂಡು ಹೊರಟರು. ಹೌಸಾಬಾಯಿಯ ಮನೆ ಹೊಲದಾಚೆಯ ಹಳೆಯ ಊರಿನಲ್ಲಿ. ಅಂಗಳದಲ್ಲಿ ಎಮ್ಮೆ ಕಟ್ಟಿತ್ತು. ಇವರನ್ನು ನೋಡಿದ ಕೂಡಲೇ ಅವಳು ಎಮ್ಮೆಗೆ ಅಡ್ಡ ಬಂದು ನಿಂತಳು. ಒಳಗೆ ಬನ್ನಿ ಅನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅಂಬಾಬಾಯಿ ಅಂಗಳದ ಅಂಚಿನಲ್ಲಿ ನೆಲದ ಮೇಲೆ ಕೂತಳು, ಡಬ್ಬಿ ಬಿಚ್ಚಿದಳು, ರೊಟ್ಟಿ ಮುರಿದು ಬಜ್ಜಿಯಲ್ಲಿ ಅದ್ದಿ ತಿಂದಳು. ಮೊಮ್ಮಗಳ ಬಾಯಿಗೆ ಒಂದು ತುತ್ತು ಇಟ್ಟಳು. ಮಾಯಾ ತಾನೂ ತಿಂದಳು. ಮಾತಿಲ್ಲದೆ ಮೂವರೂ ತಿನ್ನುತ್ತಿರುವುದನ್ನು ಎಮ್ಮೆ ಮತ್ತು ಎಮ್ಮೆಯ ಒಡತಿ ನೋಡುತ್ತ ನಿಂತರು.

ಆಮೇಲೆ ಅಂಬಾಬಾಯಿ ತನ್ನ ಬಜಾರದ ಮರಾಠಿಯಲ್ಲಿ ಹೇಳಿದಳು. ಇದನ್ನೇ ಹೊಲಕ್ಕೆ ಹಾಕಿದ್ದು. ಹೊಲ ಬಸುರಿ ಇದ್ದಾಳೆ. ಬಸುರಿಗೆ ಬಯಕೆ ಇರುತ್ತದೆ. ನಮ್ಮ ಕಡೆ ಈ ಅಮಾವಾಸ್ಯೆಗೆ ಎಲ್ಲರೂ ಹಾಕುತ್ತಾರೆ.

ಹೌಸಾಬಾಯಿ ಎಮ್ಮೆಯ ಬೆನ್ನಿನ ಮೇಲೆ ಕೈಯಿಟ್ಟಳು. ಅವಳು ಕೊನೆಗೆ ಮರಾಠಿಯಲ್ಲಿ ಕೇಳಿದ್ದು ಇಷ್ಟೇ. "ಆ ಹೊಲ ನನ್ನ ಮಗಳು. ನನಗೆ ಬೇರೆ ಮಕ್ಕಳಿಲ್ಲ. ನನ್ನ ಮಗಳಿಗೆ ಬಯಕೆಯ ಊಟ ಹಾಕುವಾಗ ತಾಯಿಗೆ ಒಂದು ಮಾತು ಹೇಳಬೇಡವೇ?"

ಅಂಬಾಬಾಯಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮಾಟ ಮಾಡಿದಳೆಂದು ಬೈದಾಗ ಆಗದಷ್ಟು ನಾಚಿಕೆ ಈಗ ಆಯಿತು. "ಚುಕಲಂ ಬಾಯಿ," ಎಂದಳು. "ತಪ್ಪಾತು. ಹೇಳಬೇಕಾಗಿತ್ತು."

ಹೌಸಾಬಾಯಿ ತಲೆಯಾಡಿಸಿದಳು. ಡಬ್ಬಿ ಮುಂದೆ ಸರಿಸಿದರೆ ಮುಟ್ಟಲಿಲ್ಲ. ಎಮ್ಮೆಗೆ ಹುಲ್ಲು ಹಾಕಬೇಕು ಎಂದು ಒಳಗೆ ಹೋದಳು.

"ತಿನ್ನಲಿಲ್ಲ," ಎಂದಳು ಅಂಬಾಬಾಯಿ ಹಾದಿಯಲ್ಲಿ.

"ಬಾಗಿಲಾ ಹಾಕ್ಲಿಲ್ಲಲ್ರಿ," ಎಂದಳು ಮಾಯಾ. ಮಧ್ಯಾಹ್ನದ ಗಾಡಿಗೆ ಅವಳು ಕೆಲಸಕ್ಕೆ ಹೋದಳು.

ಬಿಲ್ಡಿಂಗಿನಲ್ಲಿ ಮಾತು ಒಂದು ವಾರ ಆಡಿತು, ಆಮೇಲೆ ಲೋಕಲ್ ಲೇಟಾದ ಸುದ್ದಿ ಅದನ್ನು ನುಂಗಿತು. ಮಹೇಶ ಅವ್ವನನ್ನು ಮಾತಾಡಿಸದೆ ಮಾತಾಡಿಸುವ ಉಪಾಯ ಕಂಡುಕೊಂಡಿದ್ದ. "ಭುವಿ, ನಿನ್ನ ಆಯಿಗೆ ಕೇಳು, ಕಾಲು ನೋಯ್ತಾವೇನು ಅಂತ." ಅಜ್ಜಿಯ ಉತ್ತರವೂ ಅದೇ ಹಾದಿಯಲ್ಲಿ ಬರುತ್ತಿತ್ತು, "ಭುವಿ, ನಿನ್ನ ಅಪ್ಪಗ ಹೇಳು, ನಾ ನಡದು ಭೋಸರಿ ಮುಟ್ಟತೀನಿ ಅಂತ." ಹುಡುಗಿ ಇಬ್ಬರ ನಡುವೆ ಓಡಾಡಿ ದಣಿದಳು.

ಹೊಸ ವರ್ಷ ಬಂದ ಮೇಲೆ ಒಂದು ರವಿವಾರ ಅಂಬಾಬಾಯಿ ನಿಜಕ್ಕೂ ಖೋಲಿ ನೋಡಲು ಭೋಸರಿಗೆ ಹೋದಳು. ಸಾಲಿನ ಅರ್ಧ ತಗಡು ಆಗಲೇ ಬಿಚ್ಚಿದ್ದರು. ಬಚ್ಚಲಿನ ಕಲ್ಲುಗಳು ಹೊರಗೆ ಬಿದ್ದಿದ್ದವು. ಚರಗಕ್ಕೆ ಜೊತೆಗೆ ಬರುತ್ತಿದ್ದ ಹೆಂಗಸರು ಒಬ್ಬಳು ಚಾಕಣಕ್ಕೆ, ಒಬ್ಬಳು ದೇಹೂರೋಡಿಗೆ, ಮತ್ತೊಬ್ಬಳು ಪುಣೆ ಹತ್ತಿರದ ಆಳಂದಿಯ ಹಾದಿಗೆ ಹೋಗಿಯಾಗಿತ್ತು. ಮಹದೇವಮ್ಮ ಮಾತ್ರ ಗಂಟು ಕಟ್ಟಿಕೊಂಡು ಕೂತಿದ್ದಳು.

"ನಾನೂ ಸಂಕ್ರಮಣ ಮಾಡಿ ಇಂದಾಪುರಕ್ಕ ಮಗಳ ಮನಿಗೆ ಹೋಗ್ಲಾಕತ್ತೀನಿ. ನಿನ್ನ ಕೊಣಮಿಗಿ ಒಯ್ಯವ್ವ, ಕಾದು ಕಾದು ಸಾಕಾತು."

"ಇನ್ನೊಂದು ವಾರ ಇಟ್ಟುಕೋ. ಖೋಲಿ ಸಿಕ್ಕ ಮ್ಯಾಲೆ ನೇರ ಅಲ್ಲಿಗೇ ಒಯ್ತೀನಿ."

"ಯಾರ ಪಕ್ಕದಾಗ ಖೋಲಿ ಹಿಡೀತಿ? ನಾವ್ಯಾರೂ ಇಲ್ಲಿ ಇರಂಗಿಲ್ಲಲ್ಲ."

ಅಂಬಾಬಾಯಿ ಬಿಚ್ಚಿದ ತಗಡುಗಳ ಕಡೆ ನೋಡಿದಳು. ಚಹ ಕುಡಿದು ಎದ್ದಳು. ಕಾಸರವಾಡಿಯಲ್ಲಿ ಲೋಕಲ್ ಹತ್ತಿದಾಗ ಸೀಟಿಲ್ಲದೆ ನಿಂತಿದ್ದ ಅವಳನ್ನು ಗುರುತಿಲ್ಲದ ಹೆಂಗಸೊಬ್ಬಳು ಸರಿದು ಕೂಡಿಸಿಕೊಂಡಳು. "ವಡಗಾಂವ?" ಎಂದು ಕೇಳಿದಳು. ಅಂಬಾಬಾಯಿ ಹೌದು ಎಂದು ತಲೆಯಾಡಿಸಿದ್ದಕ್ಕೆ, ತನ್ನ ಚೀಲದಿಂದ ಅರ್ಧ ಬಟಾಣಿ ತೆಗೆದು ಇವಳ ಉಡಿಗೆ ಹಾಕಿದಳು. ಇಬ್ಬರೂ ಬಿಡಿಸುತ್ತ ಬಂದರು. ಇಳಿಯುವಾಗ ಅವಳ ಹೆಸರು ಕೇಳಬೇಕೆಂದುಕೊಂಡಳು, ಗದ್ದಲದಲ್ಲಿ ಆಗಲಿಲ್ಲ. ಮನೆಗೆ ಬಂದು ಖೋಲಿ ಸಿಕ್ಕಿತೋ ಇಲ್ಲವೋ ಎಂದು ಯಾರಿಗೂ ಹೇಳಲಿಲ್ಲ. ಮಾತು ಆಡಿಯಾಗಿತ್ತು, ಹಿಂದಕ್ಕೆ ತೆಗೆದುಕೊಳ್ಳುವುದು ಅವಳ ಜಾಯಮಾನದಲ್ಲಿ ಇರಲಿಲ್ಲ.

ಸಂಕ್ರಮಣದ ಹಿಂದಿನ ದಿನ ಭೋಗಿ. ಅಂಬಾಬಾಯಿ ಟ್ರಂಕು ತೆಗೆದು ಸೀರೆ ಮಡಿಚಿಡುತ್ತಿದ್ದಳು. ಧರ್ಮಣ್ಣ ತನ್ನ ಬಾಕಿನ ಮೇಲೆ ಕಡೆಯ ಸಲ ಕೂತು ಬರುತ್ತೇನೆಂದು ಮುಖ ಸಣ್ಣದು ಮಾಡಿಕೊಂಡು ಸ್ಟೇಶನ್ನಿಗೆ ಹೋಗಿದ್ದ. ತೆರೆದ ಬಾಗಿಲಲ್ಲಿ ಏದುಸಿರು ಕೇಳಿಸಿತು. ನೋಡಿದರೆ ಹೌಸಾಬಾಯಿ, ಸೆರಗಿನಡಿಯಲ್ಲಿ ಮುಚ್ಚಿದ ತಾಟು ಹಿಡಿದು ನಿಂತಿದ್ದಳು.

ಒಳಗೆ ಬಾ ಎಂದರೂ ಬರಲಿಲ್ಲ. ಹೊಸ್ತಿಲ ಹೊರಗೆ ನೆಲದ ಮೇಲೆ ಕಾಲು ಮಡಿಚಿ ಕೂತಳು. ತಾಟಿನ ಬಟ್ಟೆ ಸರಿಸಿದಳು. ಅವರ ಭೋಗಿಯ ಊಟ. ಎಳ್ಳು ಹಚ್ಚಿದ ಸಜ್ಜೆಯ ಭಾಕರಿ, ಅಂಬಾಬಾಯಿಯ ಸಜ್ಜಿರೊಟ್ಟಿಯಂಥದೇ. ಬಟಾಣಿ, ಅವರೆ, ಹಸಿ ಕಡಲೆ, ಗಜ್ಜರಿ, ಬದನೆ ಎಲ್ಲ ಕೂಡಿಸಿ ಮಾಡಿದ ಪಲ್ಯ. ಅಂಬಾಬಾಯಿ ಬಾಯಿ ತೆರೆಯುವ ಮೊದಲೇ ಅವಳು ಒಂದು ಚೂರು ಮುರಿದಳು, ಪಲ್ಯದಲ್ಲಿ ಅದ್ದಿದಳು, ತನ್ನ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ ತಾಟನ್ನು ಹೊಸ್ತಿಲ ಈಚೆಗೆ ತಳ್ಳಿದಳು.

"ನಿನಗ ಮೊದಲ ತಿನ್ನು ಅಂದವರ್ಯಾರು ಬಾಯಿ?" ಅಂಬಾಬಾಯಿ ತಾಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಮರಾಠಿ ಎಲ್ಲಿ ಹೋಯಿತೋ, ಕನ್ನಡದಲ್ಲೇ ಕೇಳಿದ್ದಳು.

ಹೌಸಾಬಾಯಿಗೆ ಅರ್ಥವಾಯಿತು. "ನೀನು ನನ್ನ ಅಂಗಳದಲ್ಲಿ ತಿನ್ನಲಿಲ್ಲವೇ," ಎಂದಳು.

ಅಂಬಾಬಾಯಿಯೂ ಹೊಸ್ತಿಲ ಈಚೆಗೆ ಕೂತು ತಿಂದಳು. ಬಾಯಿಗೆ ಇಟ್ಟರೆ ತನ್ನದೇ ಬಜ್ಜಿಯ ರುಚಿ, ಬೆಲ್ಲ ಮಾತ್ರ ಒಂದಿಷ್ಟು ಹೆಚ್ಚು. ಹಾಗೆಂದು ಹೇಳಿದಳು. ನಿನ್ನದರಲ್ಲಿ ಬಳ್ಳೊಳ್ಳಿ ಹೆಚ್ಚು, ಅಂಗಳಕ್ಕೆಲ್ಲ ವಾಸನೆ ಬಡಿದಿತ್ತು ಎಂದಳು ಹೌಸಾಬಾಯಿ. ಎಮ್ಮೆಯ ಮೊಲೆ ಬಾತಿತ್ತಂತೆ, ಡಾಕ್ಟರ್ ಬಂದು ಸೂಜಿ ಹಾಕಿದ ಮೇಲೆ ಹಾಲು ಕೊಡುತ್ತಿದೆಯಂತೆ. ಐದು ಕಲ್ಲುಗಳನ್ನು ಒಗೆಯಲಿಲ್ಲವಂತೆ. ಸಾಲಿನ ನಡುವೆ ಇಟ್ಟಿದ್ದರಿಂದ ಕೊಯ್ಲಿಗೆ ಅಡ್ಡವಾಗುತ್ತದೆಂದು ಬದುವಿನ ಮೇಲೆ ಸರಿಸಿದ್ದಾಳಂತೆ.

"ಮುಂದಿನ ವರ್ಷ ನನಗೆ ಮೊದಲೇ ಹೇಳು. ನಾನೂ ಬರುತ್ತೇನೆ. ನನ್ನ ಮಗಳ ಊಟಕ್ಕೆ ನಾನೇ ಇಲ್ಲದಿದ್ದರೆ ಹೇಗೆ?"

"ಮುಂದಿನ ವರ್ಷ ಹೊಲ ಇರ್ತದ?"

"ನಾನು ಇರುವ ತನಕ ಇರುತ್ತದೆ," ಎಂದಳು ಹೌಸಾಬಾಯಿ. ಅವಳ ದವಡೆ ಗಟ್ಟಿಯಾದದ್ದನ್ನು ನೋಡಿ ಅಂಬಾಬಾಯಿಗೆ ಈ ಮುದುಕಿಯ ಬಗ್ಗೆ ಬಹಳ ಅಭಿಮಾನ ಎನಿಸಿತು.

ನೀರು ಬೇಕೆಂದು ಹೌಸಾಬಾಯಿ ಕೊನೆಗೂ ಅಡುಗೆಮನೆಗೆ ಬಂದಳು. ಒಲೆಯ ಪಕ್ಕ ಹಿಟ್ಟು ಮೆತ್ತಿದ ಸ್ಟೀಲಿನ ಪರಾತ ಕಂಡಿತು. ಎತ್ತಿ ಬೆರಳಿನಿಂದ ಬಡಿದಳು, ಅದು ಟಣ್ ಎಂದಿತು.

"ಇದರಲ್ಲಿ ಭಾಕರಿ ಬಡಿಯುತ್ತೀಯಾ? ಮನೆಯಲ್ಲಿ ಕಾಥವಟ ಇಲ್ಲವೇ?" ಕೊಣಮಿಗೆಗೆ ಅವರು ಹಾಗೆನ್ನುತ್ತಾರೆ.

"ಅದ. ಭೋಸರ್ಯಾಗ ಅದ."

"ನೀನು ಇಲ್ಲಿ, ಕಾಥವಟ ಅಲ್ಲಿ? ಒಳ್ಳೆ ಸಂಸಾರ ನಿನ್ನದು." ಹೌಸಾಬಾಯಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು, ಖಾಲಿ ತಾಟು ಎತ್ತಿಕೊಂಡು ಮೆಟ್ಟಿಲಿಳಿದಳು.

ಸಂಜೆ ಲೋಕಲ್ ಬಂತು. ಮಾಯಾ, ಮಹೇಶ ಇಬ್ಬರೂ ಅದೇ ಗಾಡಿಯಲ್ಲಿ ಬಂದಿದ್ದರು, ಸ್ಟೇಶನ್ನಿನಿಂದ ಧರ್ಮಣ್ಣನನ್ನು ಕರೆದುಕೊಂಡು ಒಟ್ಟಿಗೇ ಮನೆಗೆ ಬಂದರು. ಮೂವರಿಗೂ ಮೊದಲು ಕಂಡದ್ದು ತೆರೆದ ಟ್ರಂಕು. ಅಂಬಾಬಾಯಿ ಅಡುಗೆಮನೆಯಲ್ಲಿ ರೊಟ್ಟಿ ಮಾಡುತ್ತಿದ್ದಳು. ಪರಾತ ಜಾರಿ ಜಾರಿ ಗೋಡೆಗೆ ಬಡಿಯುತ್ತಿತ್ತು.

"ಮಹೇಶಾ," ಎಂದಳು ತಿರುಗಿ ನೋಡದೆ. ಈ ಸಲ ಭುವಿಯನ್ನು ನಡುವೆ ಕರೆಯಲಿಲ್ಲ. "ನಾಳೆ ನಿನ್ನ ಅಪ್ಪನ್ನ ಕರಕೊಂಡು ಭೋಸರಿಗೆ ಹೋಗು."

ಮಹೇಶನ ಮುಖ ಸಪ್ಪಗಾಯಿತು. "ಖೋಲಿ ಸಿಕ್ಕಿತೇನವ್ವ?"

"ಖೋಲಿ ಯಾರಿಗೆ ಬೇಕೋ? ಮಹದೇವಮ್ಮ ಇಂದಾಪುರಕ್ಕ ಹೋಗೋದರೊಳಗ ನನ್ನ ಕೊಣಮಿಗಿ ತಗೊಂಡು ಬರ್ರಿ. ಈ ಹಾಳ ಪರಾತದಾಗ ಬಡದು ಬಡದು ನನ್ನ ಕೈ ಬಿದ್ದು ಹೋಗ್ಯಾವ."

ಧರ್ಮಣ್ಣ ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆಯೇ ಕೂತುಬಿಟ್ಟ. ಮಾಯಾ ಹೆಗಲಿನ ಚೀಲವನ್ನೂ ಇಳಿಸದೆ ಅಡುಗೆಮನೆಗೆ ಬಂದಳು. ಒಲೆಯ ಪಕ್ಕದ ಸಿಲಿಂಡರನ್ನು ಮೂಲೆಗೆ ಸರಿಸಿದಳು, ಅರಿವೆ ತೆಗೆದುಕೊಂಡು ಗೋಡೆ ಒರೆಸಿದಳು.

"ಅತ್ತಿ, ಇಷ್ಟು ಜಾಗ ಸಾಕಾಗ್ತದೇನ್ರಿ?"

ಅಂಬಾಬಾಯಿ ಬಗ್ಗಿ ನೋಡಿದಳು. ಹಿಟ್ಟಿನ ಕೈಯಿಂದಲೇ ಗೋಡೆಯ ಮೇಲೆ ಒಂದು ಗೆರೆ ಎಳೆದಳು.

"ಇಲ್ಲೀತನಾ ಬರ್ತದ," ಎಂದಳು. "ಇನ್ನೊಂದು ಸ್ವಲ್ಪ ಸರಿಸು."